ಮೇಷ್ಟ್ರಿಗೆ ಬರೆದ ಆ ಪತ್ರ ಲಿಂಕನ್‌ರದ್ದಲ್ಲ, ಮೇಕೆ ಕಳೆದುಹೋಯ್ತು ಅಂತ ಬರೆದದ್ದು ಮಾತ್ರ ಅವರದ್ದೇ

ಸೆಪ್ಟೆಂಬರ್ 5 ಹತ್ತಿರ ಬಂತು ಅಂದ್ರೆ ನಮ್ಮ ತಾಲೂಕಿನ ವಾಟ್ಸಾಪ್ ಗ್ರೂಪ್‌ಗಳಿಗೆ ಒಂದು ಪತ್ರ ಬಂದೇ ಬರುತ್ತೆ. ಅಮೆರಿಕದ ಅಧ್ಯಕ್ಷ ಅಬ್ರಹಾಂ ಲಿಂಕನ್ ತಮ್ಮ ಮಗನ ಮೇಷ್ಟ್ರಿಗೆ ಬರೆದದ್ದು ಅಂತ ಮೇಲೆ ಹಾಕಿರ್ತಾರೆ. ಶಾಲೆಗಳ ಆಫೀಸ್ ರೂಮಿನ ಗೋಡೆ ಮೇಲೆ, ಫ್ರೇಮ್ ಹಾಕೋ ಅಂಗಡಿಗಳಲ್ಲಿ, ಮೇಷ್ಟ್ರ ಬೀಳ್ಕೊಡುಗೆ ಭಾಷಣಗಳಲ್ಲಿ ಎಲ್ಲ ಕಡೆ ಅದೇ ಪತ್ರ. ನಾನೂ ಹೈಸ್ಕೂಲಿನಲ್ಲಿದ್ದಾಗ ಮೈಕ್ ಮುಂದೆ ಅದನ್ನು ಓದಿ ಚಪ್ಪಾಳೆ ಗಿಟ್ಟಿಸಿದವನೇ.

ವಿಷಯ ಏನಂದ್ರೆ, ಆ ಪತ್ರ ಲಿಂಕನ್ ಬರೆದದ್ದಲ್ಲ. ಅವರು ಬರೆದ ಪತ್ರ, ಭಾಷಣ, ಟೆಲಿಗ್ರಾಂ, ಚೀಟಿ ಎಲ್ಲವನ್ನೂ ಹುಡುಕಿ ಒಟ್ಟು ಮಾಡಿ 1953ರಲ್ಲಿ ಎಂಟು ದಪ್ಪ ಸಂಪುಟ ತಂದರು. ಅದರಲ್ಲಿ ಈ ಪತ್ರ ಇಲ್ಲ. ಯಾರೋ ಯಾವಾಗಲೋ ಬರೆದು ದೊಡ್ಡವರ ಹೆಸರು ಅಂಟಿಸಿದ್ದಾರೆ. ಒಳ್ಳೆಯ ಮಾತೇ ಇರಬಹುದು, ಆದರೆ ಅವರದ್ದಲ್ಲ.

ಹಾಗಂತ ಲಿಂಕನ್ ಮಕ್ಕಳ ಬಗ್ಗೆ ಏನೂ ಬರೆದಿಲ್ಲ ಅಂತಲ್ಲ. ಬರೆದಿದ್ದಾರೆ. ಒಂದು ಪತ್ರದಲ್ಲಿ ಮಗುವಿನ ಕಾಲುಚೀಲದ ವಿಷಯ ಇದೆ. ಇನ್ನೊಂದರಲ್ಲಿ ಮಗ ಸಾಕಿದ ಮೇಕೆ ಕಳೆದುಹೋದ ವಿಷಯ. ಗೋಡೆಗೆ ಫ್ರೇಮ್ ಹಾಕಿಸುವಂಥದ್ದು ಒಂದೂ ಇಲ್ಲ. ಆದರೆ ಆ ಮನುಷ್ಯನ ಮನೆ ಹೇಗಿತ್ತು ಅನ್ನೋದು ಇವುಗಳಿಂದಲೇ ಗೊತ್ತಾಗೋದು.

ಲಿಂಕನ್ ಹುಟ್ಟಿದ್ದು 1809ರ ಫೆಬ್ರುವರಿ 12ರಂದು, ಕೆಂಟಕಿ ರಾಜ್ಯದ ಒಂದು ಮರದ ದಿಮ್ಮಿ ಗುಡಿಸಲಲ್ಲಿ. ಏಳು ವರ್ಷದವನಿದ್ದಾಗ ಅಪ್ಪ ಸಂಸಾರ ಕಟ್ಟಿಕೊಂಡು ಇಂಡಿಯಾನಾದ ಕಾಡಿಗೆ ಹೋದ. ಅಲ್ಲಿ ಹಸುಗಳು ಒಂದು ಜಾತಿಯ ವಿಷದ ಗಿಡ ತಿಂದು, ಆ ಹಾಲು ಕುಡಿದ ಜನ ಸಾಯುತ್ತಿದ್ದರು. ಹಾಗೇ 1818ರಲ್ಲಿ ತಾಯಿ ನ್ಯಾನ್ಸಿ ಸತ್ತಳು. ಹುಡುಗನಿಗೆ ಆಗ 9 ವರ್ಷ. ಮರುವರ್ಷ ಅಪ್ಪ ಇನ್ನೊಂದು ಮದುವೆಯಾದ. ಮಲತಾಯಿ ಅಂದ ತಕ್ಷಣ ನಾವು ಬೇರೇನೋ ಅಂದುಕೊಳ್ತೀವಿ. ಸಾರಾ ಅಂಥವಳಲ್ಲ, ಅವಳಿಗೂ ಈ ಹುಡುಗನಿಗೂ ಕೊನೆವರೆಗೂ ಪ್ರೀತಿ ಇತ್ತು. ಶಾಲೆಗೆ ಹೋಗಿದ್ದು ಎಲ್ಲ ಸೇರಿಸಿದರೆ ಒಂದು ವರ್ಷವೂ ಆಗಲ್ಲ.

ಆ ಕಾಡಿನ ದಿನಗಳದ್ದು ಒಂದು ಸಣ್ಣ ವಿಷಯ ಅವರೇ ಬರೆದಿಟ್ಟಿದ್ದಾರೆ. ಎಂಟು ವರ್ಷ ತುಂಬುವ ಮೊದಲು ಗುಡಿಸಲಿನ ಸಂದಿಯಿಂದ ಕೋವಿ ಇಟ್ಟು ಒಂದು ಕಾಡು ಟರ್ಕಿ ಕೋಳಿಗೆ ಗುಂಡು ಹೊಡೆದನಂತೆ. ಅದು ಸತ್ತಿತು. ಅದಾದ ಮೇಲೆ ಅದಕ್ಕಿಂತ ದೊಡ್ಡ ಬೇಟೆಗೆ ಎಂದೂ ಕೋವಿ ಎತ್ತಲಿಲ್ಲ. ಬೇಟೆ ಇಲ್ಲದೆ ಊಟವಿಲ್ಲ ಅನ್ನುವಂಥ ಊರಲ್ಲಿ ಇದು ಸಣ್ಣ ಮಾತಲ್ಲ. ಹುಡುಗರು ಆಮೆಯ ಬೆನ್ನ ಮೇಲೆ ಕೆಂಡ ಇಟ್ಟು ಆಟ ಆಡಿದರೆ ಈತ ಹೋಗಿ ಜಗಳ ಮಾಡ್ತಿದ್ದ ಅಂತ ಜೊತೆಯಲ್ಲಿ ಬೆಳೆದವರು ಆಮೇಲೆ ಹೇಳಿದ್ದಾರೆ.

ನಮ್ಮ ಪೇಟೆಯ ಅಂಗಡಿಯವರು ಓದ್ತಾರೆ ಅಂತ ಗೊತ್ತಿರೋದರಿಂದ ಇದೊಂದು ಹೇಳಲೇಬೇಕು. ಲಿಂಕನ್ ಕೂಡ ಅಂಗಡಿ ಇಟ್ಟವರೇ, ಮುಳುಗಿದವರೇ. ಇಲಿನಾಯ್ ರಾಜ್ಯದ ನ್ಯೂ ಸೇಲಂ ಅನ್ನೋ ಪುಟ್ಟ ಊರಲ್ಲಿ ಬೆರಿ ಎಂಬುವವನ ಜೊತೆ ಪಾಲುದಾರಿಕೆಯಲ್ಲಿ, ಪೂರಾ ಸಾಲದ ಮೇಲೆ ದಿನಸಿ ಅಂಗಡಿ ಹಾಕಿದರು. ಪಾಲುದಾರ ಕುಡೀತಿದ್ದ, ಇವರು ಗಲ್ಲಾಪೆಟ್ಟಿಗೆ ಪಕ್ಕ ಕೂತು ಪುಸ್ತಕ ಓದ್ತಿದ್ದರು. ಅಂಗಡಿ ಉಳಿಯೋದು ಹೇಗೆ? 1835ರಲ್ಲಿ ಬೆರಿ ಸತ್ತ. ಅವನ ಪಾಲಿನ ಸಾಲವೂ ಇವರ ತಲೆ ಮೇಲೇ ಬಂತು, ಒಟ್ಟು ಸುಮಾರು 1,100 ಡಾಲರ್. ಸಾಲಗಾರರು ಇವರ ಕುದುರೆಯನ್ನೂ, ಹೊಟ್ಟೆಪಾಡಿನ ಭೂಮಾಪನದ ಸಾಮಾನನ್ನೂ ಹರಾಜು ಹಾಕಿಸಿದರು. ಒಬ್ಬ ಸ್ನೇಹಿತ ಹರಾಜಿನಲ್ಲಿ ಅದನ್ನು ಹಿಡಿದು ವಾಪಸ್ ಕೊಟ್ಟ. ಊರು ಬಿಟ್ಟು ಓಡಿಹೋಗಬಹುದಿತ್ತು, ಆ ಕಾಲದಲ್ಲಿ ಎಷ್ಟೋ ಜನ ಹಾಗೇ ಮಾಡ್ತಿದ್ದರು. ಲಿಂಕನ್ ವರ್ಷಗಟ್ಟಲೆ ಕಟ್ಟಿ ತೀರಿಸಿದರು.

ಲಾಯರ್ ಆಗಿ ಸ್ಪ್ರಿಂಗ್‌ಫೀಲ್ಡ್ ಊರಿಗೆ ಬಂದದ್ದು 1837ರಲ್ಲಿ. 1842ರ ನವೆಂಬರ್ 4ಕ್ಕೆ ಮೇರಿ ಟಾಡ್ ಜೊತೆ ಮದುವೆ. ಅವರು ಶ್ರೀಮಂತರ ಮನೆ ಮಗಳು. ಮರುವರ್ಷ ರಾಬರ್ಟ್ ಹುಟ್ಟಿದ. 1844ರಲ್ಲಿ ಒಂದು ಮನೆ ತಗೊಂಡರು, ಜೀವನದಲ್ಲಿ ಅವರ ಸ್ವಂತ ಅಂತ ಇದ್ದದ್ದು ಆ ಒಂದೇ ಮನೆ. ಹಿಂದುಗಡೆ ಕೊಟ್ಟಿಗೆ. ಹಸುವಿನ ಹಾಲು ಕರೆಯೋದು, ಕುದುರೆಗೆ ಮೈ ತಿಕ್ಕೋದು, ಸೌದೆ ಒಡೆಯೋದು ಎಲ್ಲ ಲಾಯರ್ ಸಾಹೇಬರೇ.

ರಾಬರ್ಟ್ ಚಿಕ್ಕವನಿದ್ದಾಗ ಮನೆ ಬಿಟ್ಟು ಓಡೋ ಹುಡುಗ. 1846ರಲ್ಲಿ ಲಿಂಕನ್ ಗೆಳೆಯನಿಗೆ ಪತ್ರ ಬರೀತಾ ಕೂತಿದ್ದಾಗ ಹುಡುಗ ಕಾಣಿಸ್ತಿಲ್ಲ ಅಂತ ಮನೆಯಿಂದ ಆಳು ಬಂತು. ಇವರು ಮನೆಗೆ ಹೋಗೋ ಹೊತ್ತಿಗೆ ಅಮ್ಮ ಹಿಡಿದು ತಂದು ನಾಲ್ಕು ಬಾರಿಸಿ ಆಗಿತ್ತು. ವಾಪಸ್ ಬಂದು ಪತ್ರ ಮುಂದುವರಿಸಿದ ಅಪ್ಪ, ಇಷ್ಟೊತ್ತಿಗೆ ಮತ್ತೆ ಓಡಿಹೋಗಿರ್ತಾನೆ ಅನ್ನೋ ಅರ್ಥದಲ್ಲಿ ಒಂದು ಸಾಲು ಸೇರಿಸಿದರು.

ಆ ವರ್ಷ ಮಾರ್ಚ್‌ನಲ್ಲಿ ಎರಡನೇ ಮಗ ಎಡ್ಡಿ ಹುಟ್ಟಿದ್ದ. ಮುಂದೆ ಲಿಂಕನ್ ಎರಡು ವರ್ಷದ ಮಟ್ಟಿಗೆ ಸಂಸತ್ ಸದಸ್ಯರಾಗಿ ವಾಷಿಂಗ್ಟನ್‌ಗೆ ಹೋದರು. 1848ರಲ್ಲಿ ಮೇರಿ ಮಕ್ಕಳನ್ನು ಕರಕೊಂಡು ಕೆಂಟಕಿಯ ತವರಲ್ಲಿದ್ದರು. ಎಡ್ಡಿಗೆ ಇಂಥ ಚೌಕಳಿ ಕಾಲುಚೀಲ ಕಳಿಸಿ ಅಂತ ಬರೆದರು. ಲಿಂಕನ್ ಏಪ್ರಿಲ್ 16ರ ಪತ್ರದಲ್ಲಿ ವರದಿ ಒಪ್ಪಿಸಿದ್ದಾರೆ. ಅಂಗಡಿಗಳಿಗೆ ಹೋಗಿದ್ದೆ, ಒಬ್ಬರು ವ್ಯಾಪಾರವನ್ನೇ ನಿಲ್ಲಿಸಿದ್ದಾರೆ, ಇನ್ನೊಬ್ಬರ ಹತ್ತಿರ ನೀನು ಹೇಳಿದಂಥದ್ದು ಇಲ್ಲ, ಮಗುವಿನ ಪುಟ್ಟ ಕಾಲಿಗೆ ಆಗುವಂಥ ಬೇರೆ ಒಂದೇ ಜೊತೆ ಇದೆ, ನಾಳೆ ಬೆಳಗ್ಗೆ ಮತ್ತೆ ಹುಡುಕ್ತೀನಿ ಅನ್ನೋದು ಅದರ ಸಾರ. ದೇಶದ ಸಂಸತ್ ಸದಸ್ಯ ಎರಡು ವರ್ಷದ ಮಗುವಿನ ಕಾಲುಚೀಲಕ್ಕೆ ಅಂಗಡಿ ಅಂಗಡಿ ಅಲೆದದ್ದು.

ಮೇರಿಯ ಉತ್ತರದಲ್ಲಿ ಇನ್ನೊಂದು ಸುದ್ದಿ. ರಾಬರ್ಟ್ ಎಲ್ಲಿಂದಲೋ ಬೆಕ್ಕಿನ ಮರಿ ತಂದಿದ್ದ. ಎಡ್ಡಿ ಅದಕ್ಕೆ ತಿನ್ನಿಸೋದರಲ್ಲೇ ಮುಳುಗಿಹೋದ. ಮೇರಿಯ ಮಲತಾಯಿಗೆ ಬೆಕ್ಕು ಕಂಡರೆ ಆಗಲ್ಲ. ಕೆಲಸದವಳನ್ನು ಕರೆದು ಹೊರಗೆ ಹಾಕಿಸಿಬಿಟ್ಟರು. ಮಗು ಕಿರುಚಾಡಿ ಅತ್ತಿತು. ಮೇರಿ ಇದನ್ನೆಲ್ಲ ಗಂಡನಿಗೆ ಬರೆದಿದ್ದು ನೋಡಿದರೆ ತವರಲ್ಲಿ ಅವರ ಮಾತು ಎಷ್ಟು ನಡೀತಿತ್ತು ಅನ್ನೋದೂ ತಿಳಿಯುತ್ತೆ. 1850ರ ಫೆಬ್ರುವರಿ 1ರಂದು ಎಡ್ಡಿ ತೀರಿಕೊಂಡ. 52 ದಿನ ಕಾಯಿಲೆ ಮಲಗಿದ್ದ. ನಾಲ್ಕು ವರ್ಷವೂ ತುಂಬಿರಲಿಲ್ಲ.

ಅದೇ ವರ್ಷ ಡಿಸೆಂಬರ್‌ನಲ್ಲಿ ವಿಲಿ, 1853ರ ಏಪ್ರಿಲ್ 4ಕ್ಕೆ ಕೊನೆಯವನು. ಅವನಿಗೆ ಅಜ್ಜನ ಹೆಸರು ಥಾಮಸ್ ಅಂತಲೇ ಇಟ್ಟರು. ಆದರೆ ಕೂಸಿನ ತಲೆ ದಪ್ಪ, ಮೈ ಸಣ್ಣ. ಅಪ್ಪನಿಗೆ ಗೊದಮೊಟ್ಟೆ ಥರ ಕಂಡು ಟ್ಯಾಡ್ ಅಂದರು, ಇಂಗ್ಲಿಷಿನಲ್ಲಿ ಗೊದಮೊಟ್ಟೆಗೆ ಟ್ಯಾಡ್‌ಪೋಲ್ ಅಂತಾರೆ. ಆ ಹೆಸರೇ ನಿಂತುಬಿಟ್ಟಿತು. ಟ್ಯಾಡ್‌ಗೆ ಬಾಯಿಯ ಅಂಗುಳದಲ್ಲಿ ಹುಟ್ಟಿನಿಂದ ದೋಷ ಇತ್ತು ಅಂತ ಇತಿಹಾಸಕಾರರು ಹೇಳ್ತಾರೆ. ಮಾತು ತೊದಲು, ಹೊರಗಿನವರಿಗೆ ಅರ್ಥವೇ ಆಗ್ತಿರಲಿಲ್ಲ. ಅಪ್ಪನಿಗೆ ಪ್ರತಿ ಪದವೂ ಅರ್ಥ ಆಗ್ತಿತ್ತು.

ಈ ಇಬ್ಬರನ್ನು ಲಿಂಕನ್ ಪುಟ್ಟ ಗಾಡಿಯಲ್ಲಿ ಕೂರಿಸಿ ಬೀದಿಯಲ್ಲಿ ಎಳಕೊಂಡು ಹೋಗ್ತಿದ್ದರು. ಒಂದು ಕೈಯಲ್ಲಿ ಗಾಡಿ, ಇನ್ನೊಂದು ಕೈಯಲ್ಲಿ ಪುಸ್ತಕ. ಒಮ್ಮೆ ಮಗು ಗಾಡಿಯಿಂದ ಉರುಳಿ ಬಿದ್ದು ಅಳ್ತಿದ್ದರೂ ಇವರು ಓದುತ್ತ ಮುಂದೆ ಹೋಗ್ತಾನೇ ಇದ್ದರು ಅಂತ ಅಕ್ಕಪಕ್ಕದವರು ನೆನಪು ಹೇಳಿದ್ದಾರೆ. ಈಗ ನಮ್ಮ ಕೈಲಿ ಮೊಬೈಲ್ ಇದೆ, ಅಷ್ಟೇ ವ್ಯತ್ಯಾಸ.

ಭಾನುವಾರ ಮೇರಿ ಚರ್ಚಿಗೆ ಹೋದರೆ ಹುಡುಗರು ಅಪ್ಪನ ಜೊತೆ ವಕೀಲರ ಕಚೇರಿಗೆ. ಪುಸ್ತಕ ಎಳೆದು ಹಾಕೋದು, ಪೆನ್ನಿನ ಮೊನೆ ಮುರಿಯೋದು, ಮಸಿ ಚೆಲ್ಲೋದು, ಒಲೆಯ ಬೂದಿ ನೆಲಕ್ಕೆ ಸುರಿಯೋದು. ಪಾಲುದಾರ ಹರ್ನ್‌ಡನ್‌ಗೆ ಹಿಡಿದು ಕತ್ತು ಹಿಸುಕಿಬಿಡೋಣ ಅನ್ನಿಸ್ತಿತ್ತಂತೆ. ಲಿಂಕನ್ ತಲೆ ಎತ್ತಿಯೂ ನೋಡ್ತಿರಲಿಲ್ಲ. ಹರ್ನ್‌ಡನ್ ಕಷ್ಟ ನನಗೆ ಅರ್ಥ ಆಗುತ್ತೆ. ಸೋಮವಾರ ಬೆಳಗ್ಗೆ ಅದನ್ನೆಲ್ಲ ಜೋಡಿಸಬೇಕಾದವನಿಗೆ ಮಕ್ಕಳ ಆಟ ಮುದ್ದಾಗಿ ಕಾಣಲ್ಲ.

ಇಷ್ಟು ಹೇಳಿದ ಮೇಲೆ ಇನ್ನೊಂದು ಮುಖವನ್ನೂ ಹೇಳಬೇಕು. ಕೋರ್ಟ್ ಕೆಲಸಕ್ಕೆ ಲಿಂಕನ್ ವರ್ಷದಲ್ಲಿ ಎರಡು ಸಲ, ಒಂದೊಂದು ಸಲ ತಿಂಗಳುಗಟ್ಟಲೆ ಜಿಲ್ಲೆ ಜಿಲ್ಲೆ ತಿರುಗ್ತಿದ್ದರು. ಮನೆ, ಮಕ್ಕಳು, ಜ್ವರ, ಖರ್ಚು ಎಲ್ಲ ಮೇರಿ ಒಬ್ಬರ ಮೇಲೆ. ಮೇರಿಗೆ ಸಿಟ್ಟು ಜಾಸ್ತಿ ಅಂತ ಬರೆಯೋರು ಇದನ್ನು ಅಷ್ಟಾಗಿ ಬರೆಯಲ್ಲ. ದೊಡ್ಡ ಮಗ ರಾಬರ್ಟ್‌ಗಂತೂ ಅಪ್ಪ ಸಿಕ್ಕಿದ್ದೇ ಕಡಿಮೆ. ಅಪ್ಪ ಅಧ್ಯಕ್ಷರಾದ ಮೇಲೆ ಹತ್ತು ನಿಮಿಷ ಕೂತು ನೆಮ್ಮದಿಯಾಗಿ ಮಾತಾಡಿದ್ದೇ ಇಲ್ಲ ಅನ್ನೋ ಹಾಗೆ ಮುಂದೆ ಅವನು ಹೇಳಿಕೊಂಡ.

ಹಾರ್ವರ್ಡ್ ಕಾಲೇಜಿನ ಪ್ರವೇಶ ಪರೀಕ್ಷೆಯಲ್ಲಿ ರಾಬರ್ಟ್ ಮೊದಲ ಸಲ ಫೇಲಾದ. ಒಂದು ವರ್ಷ ಬೇರೆ ಶಾಲೆಯಲ್ಲಿ ಓದಿ 1860ರಲ್ಲಿ ಸೇರಿದ. ಆ ವರ್ಷ ಅವನ ಜೊತೆಗಾರ ಜಾರ್ಜ್ ಲೇಥಮ್ ಎಂಬ ಹುಡುಗ ಪರೀಕ್ಷೆ ಬರೆದು ಫೇಲಾದ. ಲಿಂಕನ್ ಆಗ ಅಧ್ಯಕ್ಷ ಚುನಾವಣೆಗೆ ನಿಂತಿದ್ದರು. ಅಂಥ ಗಡಿಬಿಡಿಯಲ್ಲೂ ಜುಲೈ 22ರಂದು ಆ ಹುಡುಗನಿಗೆ ಕಾಗದ ಬರೆದರು. ಧೈರ್ಯ ಬಿಡಬೇಡ, ಗೆದ್ದೇ ಗೆಲ್ತೀನಿ ಅಂತ ಗಟ್ಟಿ ಮನಸ್ಸು ಮಾಡಿದವನು ಸೋಲಲ್ಲ ಅಂತ. ಓದಿನ ವಿಷಯಕ್ಕೆ ಅವರು ಬರೆದ ನಿಜವಾದ ಪತ್ರ ಬೇಕು ಅಂದ್ರೆ ಇದನ್ನು ಫ್ರೇಮ್ ಹಾಕಿಸಬಹುದು. ಮೇಷ್ಟ್ರಿಗಲ್ಲ, ಫೇಲಾದ ಹುಡುಗನಿಗೆ ಬರೆದದ್ದು. ಡಿಗ್ರಿ ಅರ್ಧಕ್ಕೆ ಬಿಟ್ಟ ನನಗೆ ಇದು ಸ್ವಲ್ಪ ಹೆಚ್ಚೇ ತಾಗಿತು ಅನ್ನಿ.

ಈಗ ನಾಯಿಗೆ ಬರೋಣ. ಸ್ಪ್ರಿಂಗ್‌ಫೀಲ್ಡ್ ಮನೆಯಲ್ಲಿ ಫಿಡೊ ಅಂತ ಒಂದು ನಾಯಿ ಇತ್ತು. ಹಳದಿ ಮಿಶ್ರಿತ ಕಂದು ಬಣ್ಣ, ಜೋತುಬಿದ್ದ ಕಿವಿ. ಜಾತಿ ಗೀತಿ ಏನಿಲ್ಲ, ನಮ್ಮ ಬೀದಿಯ ಕಂತ್ರಿ ನಾಯಿ ಥರದ್ದೇ. ಲಿಂಕನ್ ಪೇಟೆಗೆ ಹೊರಟರೆ ಹಿಂದೆಯೇ ಬರೋದು, ಕ್ಷೌರದಂಗಡಿಗೆ ಹೋದರೆ ಹೊರಗೆ ಕಾಯೋದು.

1860ರ ನವೆಂಬರ್‌ನಲ್ಲಿ ಲಿಂಕನ್ ಗೆದ್ದರು. ಊರಲ್ಲಿ ಗಂಟೆ, ಫಿರಂಗಿ, ಜೈಕಾರ. ದೀಪಾವಳಿ ಪಟಾಕಿಗೆ ನಾಯಿಗಳು ಮಂಚದ ಕೆಳಗೆ ನುಗ್ಗೋದು ನಮಗೆ ಗೊತ್ತಲ್ಲ, ಫಿಡೊ ಹಾಗೇ ಹೆದರಿತು. ವಾಷಿಂಗ್ಟನ್‌ವರೆಗೂ ದಿನಗಟ್ಟಲೆ ರೈಲು, ಪ್ರತಿ ಸ್ಟೇಷನ್‌ನಲ್ಲೂ ಜನ, ಸದ್ದು. ಇದಕ್ಕೆ ತಡೆಯಲ್ಲ ಅಂತ ಲಿಂಕನ್ ಊರಲ್ಲೇ ಬಿಡೋ ತೀರ್ಮಾನ ಮಾಡಿದರು. ವಿಲಿ, ಟ್ಯಾಡ್ ಇಬ್ಬರಿಗೂ ಸಂಕಟ. ರೋಲ್ ಎಂಬುವರ ಮನೆಯಲ್ಲಿ ಇವರ ವಯಸ್ಸಿನ ಹುಡುಗರಿದ್ದರು, ಅವರಿಗೆ ಒಪ್ಪಿಸಿದರು. ಸುಮ್ಮನೆ ಒಪ್ಪಿಸಲಿಲ್ಲ, ಷರತ್ತುಗಳಿದ್ದವು. ಕೆಸರು ಕಾಲಲ್ಲಿ ಒಳಗೆ ಬಂದರೆ ಬೈಯಬಾರದು. ಹಿತ್ತಲಲ್ಲಿ ಒಂಟಿಯಾಗಿ ಕಟ್ಟಿಹಾಕಬಾರದು. ಊಟದ ಹೊತ್ತಿಗೆ ಒಳಗೆ ಬಿಡಬೇಕು, ಊಟಕ್ಕೆ ಕೂತವರು ತಮ್ಮ ಕೈಯಾರೆ ತಿನ್ನಿಸಬೇಕು. ಅದು ಮಲಗಿ ಅಭ್ಯಾಸವಾಗಿದ್ದ ಸೋಫಾವನ್ನೂ ಆ ಮನೆಗೆ ಕಳಿಸಿಕೊಟ್ಟರು. ಫೋಟೊ ಸ್ಟುಡಿಯೊದಲ್ಲಿ ಫಿಡೊ ಫೋಟೊ ತೆಗೆಸಿದ್ದೂ ಇದೆ, ಇವತ್ತಿಗೂ ನೋಡಬಹುದು.

1861ರ ಫೆಬ್ರುವರಿ 11ರಂದು ಲಿಂಕನ್ ಸ್ಪ್ರಿಂಗ್‌ಫೀಲ್ಡ್ ಬಿಟ್ಟರು. ಏಪ್ರಿಲ್‌ಗೆ ಅಂತರ್ಯುದ್ಧ ಶುರು. ಗುಲಾಮಗಿರಿ ಬಿಡಲ್ಲ ಅಂತ ದಕ್ಷಿಣದ ರಾಜ್ಯಗಳು ಬೇರೆಯಾದವು. ನಾಲ್ಕು ವರ್ಷದ ಯುದ್ಧದಲ್ಲಿ 6 ಲಕ್ಷಕ್ಕೂ ಹೆಚ್ಚು ಸೈನಿಕರು ಸತ್ತರು. ಅದರ ಕಥೆ ಪಠ್ಯಪುಸ್ತಕದಲ್ಲಿ ಓದಿರ್ತೀರಿ, ನಾನು ಹೇಳೋದು ಅದೇ ಹೊತ್ತಿಗೆ ವೈಟ್ ಹೌಸ್ ಒಳಗೆ ನಡೆದದ್ದು.

ಅಲ್ಲಿ ಹೋದಾಗ ವಿಲಿಗೆ 10, ಟ್ಯಾಡ್‌ಗೆ ಇನ್ನೂ 8 ತುಂಬಿರಲಿಲ್ಲ. ಮಂತ್ರಿ ಸೆವಾರ್ಡ್ ಬೆಕ್ಕಿನ ಮರಿಗಳನ್ನು ಕೊಟ್ಟರು. ವಿಲಿಗೆ ಒಂದು ಗಿಡ್ಡ ಕುದುರೆ ಬಂತು. ಟಾಫ್ಟ್ ಎಂಬುವರ ಇಬ್ಬರು ಹುಡುಗರು ಆಟಕ್ಕೆ ಜೊತೆಯಾದರು. ಸೈನಿಕನ ವೇಷದ ಜಾಕ್ ಅನ್ನೋ ಗೊಂಬೆಯನ್ನು ಕಾವಲಲ್ಲಿ ನಿದ್ದೆ ಹೋದ ಅಂತ ಮರಣದಂಡನೆ ಕೊಟ್ಟು ತೋಟದಲ್ಲಿ ಹೂಳೋದೇ ಅವರ ಆಟ. ಹೂಬೀಡು ಹಾಳಾಗಿ ಮಾಲಿಗೆ ಸಾಕಾಗಿಹೋಯ್ತು. ಕೊನೆಗೆ ಹುಡುಗರು ಅಧ್ಯಕ್ಷರ ಹತ್ತಿರವೇ ಹೋದರು. ಲಿಂಕನ್ ಸರ್ಕಾರಿ ಕಾಗದದ ಮೇಲೆ ಜಾಕ್‌ಗೆ ಕ್ಷಮಾದಾನ ಬರೆದು ಸಹಿ ಹಾಕಿ ಕೊಟ್ಟರು. ನಿಜವಾಗಿಯೂ ಕಾವಲಲ್ಲಿ ನಿದ್ದೆ ಹೋದ ಹುಡುಗ ಸೈನಿಕರ ಫೈಲುಗಳು ಅದೇ ಮೇಜಿಗೆ ಬರ್ತಿದ್ದವು. ಅವರಲ್ಲಿ ಹಲವರಿಗೂ ಅವರು ಹೀಗೇ ಕ್ಷಮೆ ಬರೆದರು.

1862ರ ಫೆಬ್ರುವರಿಯಲ್ಲಿ ಇಬ್ಬರಿಗೂ ಜ್ವರ ಬಂತು. ಟೈಫಾಯಿಡ್ ಇರಬೇಕು, ಮನೆಗೆ ಬರ್ತಿದ್ದ ನೀರು ಕೆಟ್ಟಿತ್ತು. 20ನೇ ತಾರೀಕು ಸಂಜೆ ವಿಲಿ ಹೋಗಿಬಿಟ್ಟ. 11 ವರ್ಷ. ಟ್ಯಾಡ್ ಉಳಿದ. ಮೇರಿ ಹಾಸಿಗೆ ಹಿಡಿದರು, ವಿಲಿ ಸತ್ತ ಕೋಣೆಗೆ ಮತ್ತೆ ಕಾಲಿಡಲಿಲ್ಲ. ಟಾಫ್ಟ್ ಹುಡುಗರನ್ನು ನೋಡಿದರೆ ಮಗನ ನೆನಪಾಗುತ್ತೆ ಅಂತ ಅವರು ಬರೋದನ್ನೇ ನಿಲ್ಲಿಸಿದರು. ಹಾಗಾಗಿ ಟ್ಯಾಡ್‌ಗೆ ಅಣ್ಣನೂ ಇಲ್ಲ, ಗೆಳೆಯರೂ ಇಲ್ಲ. ಉಳಿದದ್ದು ಅಪ್ಪ ಮತ್ತು ಪ್ರಾಣಿಗಳು.

ಅಪ್ಪನ ಕಚೇರಿ ಬಾಗಿಲಿಗೆ ಅವನದ್ದೇ ಒಂದು ಗುರುತು, ಮೂರು ಸಲ ಬೇಗ, ಎರಡು ಸಲ ನಿಧಾನ ತಟ್ಟೋದು. ಒಳಗೆ ಮಂತ್ರಿಗಳಿರಲಿ, ಜನರಲ್‌ಗಳಿರಲಿ, ಬಾಗಿಲು ತೆಗೀತಿತ್ತು. ರಾತ್ರಿ ಅಪ್ಪ ಕೆಲಸ ಮುಗಿಸೋವರೆಗೂ ಅಲ್ಲೇ ಬಿದ್ದುಕೊಂಡು ನಿದ್ದೆ ಹೋಗ್ತಿದ್ದ. ಅಪ್ಪ ಹೆಗಲ ಮೇಲೆ ಹಾಕಿಕೊಂಡು ಮಲಗೋಕೆ ಒಯ್ಯುತ್ತಿದ್ದರು.

ಅವನಿಗೆ ಎರಡು ಮೇಕೆ ಇದ್ದವು, ನ್ಯಾನಿ ಮತ್ತು ನ್ಯಾಂಕೊ. ಕುರ್ಚಿಗೆ ಮೇಕೆ ಕಟ್ಟಿ, ತಾನು ಕೂತು, ಅತಿಥಿಗಳು ತುಂಬಿದ್ದ ದೊಡ್ಡ ಹಾಲಿನ ಮಧ್ಯೆ ಗಾಡಿ ಓಡಿಸಿದ್ದ. ಹೆಂಗಸರು ಲಂಗ ಎತ್ತಿಕೊಂಡು ಪಕ್ಕಕ್ಕೆ ಸರಿದರು.

ಅಂಗಡಿ ರಕ್ತ ಅವನಲ್ಲೂ ಇತ್ತು. ಒಂದು ದಿನ ಖಜಾನೆ ಕಟ್ಟಡದ ಹತ್ತಿರ ಶುಂಠಿ ಬಿಸ್ಕತ್ತು, ಸೇಬು ಮಾರುತ್ತಿದ್ದ ಮುದುಕಿಯ ಸರಕನ್ನೆಲ್ಲ ಪಾಕೆಟ್ ಮನಿಯಲ್ಲಿ ಕೊಂಡುಕೊಂಡ. ಬಡಗಿಗಳ ಹಲಗೆ ತಂದು ವೈಟ್ ಹೌಸ್ ಬಾಗಿಲಲ್ಲೇ ಅಂಗಡಿ ಹಾಕಿದ. ಕೆಲಸ ಕೇಳೋಕೆ ಬಂದವರೆಲ್ಲ ಅಧ್ಯಕ್ಷರ ಮಗನ ಹತ್ತಿರ ಕೊಳ್ಳದೆ ಹೋಗ್ತಾರಾ? ಮಧ್ಯಾಹ್ನದೊಳಗೆ ಎಲ್ಲ ಖಾಲಿ. ರಾತ್ರಿ ಹೊತ್ತಿಗೆ ಬಂಡವಾಳ, ಲಾಭ ಎರಡೂ ಖಾಲಿ, ಸಿಕ್ಕಸಿಕ್ಕವರಿಗೆ ಕೊಟ್ಟು ಮುಗಿಸಿದ್ದ. ಅಪ್ಪನ ಅಂಗಡಿ ಮುಳುಗೋಕೆ ಇದಕ್ಕಿಂತ ಹೆಚ್ಚು ದಿನ ಬೇಕಾದವು, ಮಗನದ್ದು ಒಂದೇ ದಿನ.

1863ರ ಜೂನ್ 9ರಂದು ಮೇರಿ, ಟ್ಯಾಡ್ ಫಿಲಡೆಲ್ಫಿಯಾದಲ್ಲಿದ್ದಾಗ ಲಿಂಕನ್‌ರಿಂದ ಒಂದು ಟೆಲಿಗ್ರಾಂ ಹೋಯಿತು. ಹುಡುಗನ ಪಿಸ್ತೂಲನ್ನು ಎತ್ತಿಡು, ಅವನ ಬಗ್ಗೆ ಕೆಟ್ಟ ಕನಸು ಬಿತ್ತು ಅಂತ. ಇಬ್ಬರು ಮಕ್ಕಳನ್ನು ಕಳಕೊಂಡ ಮನುಷ್ಯ ಬೆಳಗ್ಗೆ ಎದ್ದು ಕಳಿಸಿದ ಟೆಲಿಗ್ರಾಂ ಇದು.

ಮುಂದಿನ ತಿಂಗಳು ಗೆಟಿಸ್‌ಬರ್ಗ್ ಯುದ್ಧ. ಮೂರು ದಿನದಲ್ಲಿ ಎರಡೂ ಕಡೆ ಸೇರಿ ಸುಮಾರು 50,000 ಜನ ಸತ್ತರು, ಗಾಯಗೊಂಡರು, ಇಲ್ಲವೇ ಕಾಣೆಯಾದರು. ಇದಾಗಿ ಒಂದು ತಿಂಗಳಿಗೆ, ಆಗಸ್ಟ್ 8ರಂದು, ಬೇಸಿಗೆ ಪ್ರವಾಸಕ್ಕೆ ಹೋಗಿದ್ದ ಹೆಂಡತಿಗೆ ಲಿಂಕನ್ ಪತ್ರ ಬರೆದರು. ನಾನು ಮೊದಲು ಹೇಳಿದ ಮೇಕೆ ಪತ್ರ ಇದೇ. ನ್ಯಾನಿ ಕಳೆದುಹೋಗಿದೆ, ಟ್ಯಾಡ್‌ಗೆ ತಿಳಿಸು ಅನ್ನೋದೇ ಅದರಲ್ಲಿನ ಸಂಕಟದ ಸುದ್ದಿ. ಪೂರಾ ವಿವರ ಇದೆ. ನೀವು ಹೊರಟ ದಿನ ಅದು ಟ್ಯಾಡ್ ಹಾಸಿಗೆಯ ನಟ್ಟನಡುವೆ ಮಲಗಿ ಮೆಲುಕು ಹಾಕ್ತಿತ್ತು. ಊರಾಚೆಯ ಬೇಸಿಗೆ ಮನೆಯಲ್ಲಿ ಹೂವೆಲ್ಲ ತಿಂದುಹಾಕುತ್ತೆ ಅಂತ ಮಾಲಿ ದೂರುತ್ತಲೇ ಇದ್ದ, ಅದಕ್ಕೆ ವೈಟ್ ಹೌಸ್‌ಗೆ ತರಿಸಿದೆವು, ಎರಡನೇ ದಿನವೇ ಕಾಣೆ, ಆಮೇಲೆ ಸುಳಿವಿಲ್ಲ. ನಮ್ಮೂರಲ್ಲಿ ಮೇಕೆ ಕಳಕೊಂಡವರು ಪೊಲೀಸ್ ಸ್ಟೇಷನ್‌ನಲ್ಲಿ ಹೇಳೋ ಹಾಗೇ, ಯಾವತ್ತು ಕೊನೆಗೆ ನೋಡಿದ್ದು, ಎಲ್ಲಿ, ಯಾರು ತಂದದ್ದು ಎಲ್ಲ.

ಆ ನವೆಂಬರ್‌ನಲ್ಲಿ ಗೆಟಿಸ್‌ಬರ್ಗ್‌ನಲ್ಲಿ ಮಾಡಿದ ಸಣ್ಣ ಭಾಷಣ ಜಗತ್ತಿಗೇ ಗೊತ್ತು. ಹೊರಡುವಾಗ ಟ್ಯಾಡ್ ಕಾಯಿಲೆ ಮಲಗಿದ್ದ. ಮೇರಿ ಹೋಗಬೇಡಿ ಅಂತ ಗಾಬರಿಯಾಗಿದ್ದರು. ಹುಡುಗ ಪರವಾಗಿಲ್ಲ ಅನ್ನೋ ತಂತಿ ಅಲ್ಲಿಗೆ ಬಂದ ಮೇಲೇ ಆ ಭಾಷಣ.

ಡಿಸೆಂಬರ್‌ನಲ್ಲಿ ಕ್ರಿಸ್ಮಸ್ ಊಟಕ್ಕೆ ಅಂತ ಟರ್ಕಿ ಕೋಳಿ ತಂದರು. ಟ್ಯಾಡ್ ಅದಕ್ಕೂ ಜಾಕ್ ಅಂತ ಹೆಸರಿಟ್ಟು ಹಿಂದೆ ಸುತ್ತಿಸಿಕೊಂಡು ಓಡಾಡಿದ. ಕುಯ್ಯುವ ದಿನ ಅಳ್ತಾ ಅಪ್ಪನ ಸಭೆಗೆ ನುಗ್ಗಿದ. ಲಿಂಕನ್ ಕೋಳಿಗೆ ಜೀವದಾನದ ಚೀಟಿ ಬರೆದುಕೊಟ್ಟರು. ಮರುವರ್ಷ ಚುನಾವಣೆ ದಿನ ಕಾವಲು ಸೈನಿಕರು ಅಂಗಳದಲ್ಲೇ ಮತ ಹಾಕ್ತಿದ್ದಾಗ ಜಾಕ್ ಸಾಲಿನ ಮಧ್ಯೆ ಓಡಾಡ್ತಿತ್ತು. ಇದೂ ಮತ ಹಾಕುತ್ತಾ ಅಂತ ಅಪ್ಪ ಕೇಳಿದರೆ, ಇನ್ನೂ ವಯಸ್ಸಾಗಿಲ್ಲ ಅಂತ ಮಗ ಉತ್ತರ ಕೊಟ್ಟ. ಬಾಲ್ಯದಲ್ಲಿ ಕೊಂದ ಆ ಕಾಡು ಕೋಳಿ ಅವರಿಗೆ ಆಗ ನೆನಪಾಯ್ತೋ ಏನೋ.

ಅದೇ ಡಿಸೆಂಬರ್ 27ರಂದು ಸ್ಪ್ರಿಂಗ್‌ಫೀಲ್ಡ್‌ನಿಂದ ಒಬ್ಬರು ಲಿಂಕನ್‌ಗೆ ಕಾಗದ ಬರೆದರು. ಬರೆದವರು ವಿಲಿಯಂ ಫ್ಲೋರ್ವಿಲ್, ಹೈಟಿ ದ್ವೀಪದಲ್ಲಿ ಹುಟ್ಟಿದ ಕಪ್ಪು ಜನಾಂಗದವರು, ಲಿಂಕನ್‌ಗೆ ವರ್ಷಗಟ್ಟಲೆ ಕ್ಷೌರ ಮಾಡಿದವರು. ಆ ವರ್ಷ ಜನವರಿ 1ರಂದು ದಕ್ಷಿಣದ ಬಂಡಾಯ ರಾಜ್ಯಗಳ ಗುಲಾಮರು ಸ್ವತಂತ್ರರು ಅಂತ ಲಿಂಕನ್ ಘೋಷಿಸಿದ್ದರು. ಅದಕ್ಕೆ ಕೃತಜ್ಞತೆ, ವಿಲಿ ಸಾವಿಗೆ ದುಃಖ ಎಲ್ಲ ಬರೆದು, ಟ್ಯಾಡ್‌ಗೆ ಒಂದು ಸುದ್ದಿ ಸೇರಿಸಿದ್ದರು. ಫಿಡೊ ಚೆನ್ನಾಗಿದೆ, ಹೆಚ್ಚಾಗಿ ರೋಲ್ ಮನೆ ಹುಡುಗರ ಜೊತೆಗೇ ಇರುತ್ತೆ ಅಂತ.

1864ರ ಫೆಬ್ರುವರಿ 10ರ ರಾತ್ರಿ ವೈಟ್ ಹೌಸ್ ಲಾಯಕ್ಕೆ ಬೆಂಕಿ ಬಿತ್ತು. ಲಿಂಕನ್ ಬೇಲಿ ಹಾರಿ ಓಡಿದರು, ಒಳಗೆ ನುಗ್ಗೋಕೆ ಹೋದವರನ್ನು ಕಾವಲಿನವರು ತಡೆದರು. ಕುದುರೆಗಳು ಉಳಿಯಲಿಲ್ಲ. ಅದರಲ್ಲಿ ವಿಲಿಯ ಗಿಡ್ಡ ಕುದುರೆಯೂ ಇತ್ತು. ಒಳಗೆ ಬಂದು ಕಿಟಕಿಯಲ್ಲಿ ನಿಂತು ಲಾಯದ ಕಡೆ ನೋಡ್ತಾ ಅತ್ತರು. ಏಪ್ರಿಲ್ 28ಕ್ಕೆ ಮೇರಿಗೆ ಕಳಿಸಿದ ಟೆಲಿಗ್ರಾಂನಲ್ಲಿ ಮತ್ತೆ ಹಳೇ ದಾಟಿ. ಅಪ್ಪನೂ ಮೇಕೆಗಳೂ ಚೆನ್ನಾಗಿದ್ದೀವಿ, ಅದರಲ್ಲೂ ಮೇಕೆಗಳು ಅಂತ ಟ್ಯಾಡ್‌ಗೆ ಹೇಳು ಅನ್ನೋ ಒಕ್ಕಣೆ.

ಓದು ಮಾತ್ರ ಟ್ಯಾಡ್‌ಗೆ ಹತ್ತಲಿಲ್ಲ. ಮನೆಗೆ ಬಂದ ಪಾಠದ ಮೇಷ್ಟ್ರುಗಳು ಒಬ್ಬೊಬ್ಬರೇ ಕೈಚೆಲ್ಲಿ ಹೋದರು. ಬಿಡಿ, ಆಡಿಕೊಳ್ಳಲಿ, ಕಲಿಯೋಕೆ ಮುಂದೆ ಟೈಮಿದೆ ಅನ್ನೋದು ಅಪ್ಪನ ಮಾತು. ಮೇಷ್ಟ್ರಿಗೆ ಉದ್ದುದ್ದ ಪತ್ರ ಬರೆದ ಅಂತ ನಾವು ನಂಬಿರೋ ಅಪ್ಪ ನಿಜದಲ್ಲಿ ಇಂಥವರು. ಅದು ಸರಿಯಾ? ನನಗೆ ಪೂರ್ತಿ ಸರಿ ಅನ್ನಿಸಲ್ಲ. 12 ವರ್ಷದ ಹುಡುಗ ತನ್ನ ಹೆಸರು ಬಿಟ್ಟು ಬೇರೆ ಓದಲಾರ ಅಂದ್ರೆ ಯಾವ ಮೇಷ್ಟ್ರಿಗೂ ಬೇಜಾರಾಗುತ್ತೆ. ಆದರೆ ಇಬ್ಬರನ್ನು ಹೂತು ಬಂದ ಅಪ್ಪ ಮೂರನೆಯವನ ಕೈಗೆ ಸ್ಲೇಟು ಕೊಟ್ಟು ಗದರೋಕೆ ಆಗಲಿಲ್ಲ ಅನ್ನೋದೂ ಅರ್ಥವಾಗುತ್ತೆ.

1865ರ ಮಾರ್ಚ್ ಕೊನೆಗೆ ಲಿಂಕನ್ ಸಿಟಿ ಪಾಯಿಂಟ್‌ನ ಸೇನಾ ಶಿಬಿರದಲ್ಲಿದ್ದರು. ತಂತಿ ಕಚೇರಿಯ ಗುಡಾರದಲ್ಲಿ ತಾಯಿ ಇಲ್ಲದ ಮೂರು ಬೆಕ್ಕಿನ ಮರಿ ಕಂಡವು. ಯುದ್ಧದ ಕೊನೆಯ ಲೆಕ್ಕಾಚಾರ ನಡೀತಿದ್ದ ಜಾಗ ಅದು. ಮರಿಗಳನ್ನು ತೊಡೆ ಮೇಲೆ ಇಟ್ಟುಕೊಂಡು ಸವರಿ, ಇವಕ್ಕೆ ಹಾಲು ಸಿಗೋ ಹಾಗೆ ನೋಡಿಕೊಳ್ಳಿ ಅಂತ ಒಬ್ಬ ಅಧಿಕಾರಿಗೆ ಒಪ್ಪಿಸಿದರು. ಏಪ್ರಿಲ್ 4ರಂದು ಶತ್ರು ರಾಜಧಾನಿ ರಿಚ್ಮಂಡ್ ಬೀದಿಯಲ್ಲಿ ಟ್ಯಾಡ್ ಕೈ ಹಿಡಿದು ನಡೆದರು. ಬಿಡುಗಡೆಯಾದ ಗುಲಾಮರು ಸುತ್ತ ಮುತ್ತಿಕೊಂಡರು. ಅವತ್ತು ಟ್ಯಾಡ್‌ಗೆ 12ನೇ ಹುಟ್ಟುಹಬ್ಬ.

ಹತ್ತು ದಿನ ಕಳೆದು 14ರ ಮಧ್ಯಾಹ್ನ ಗಂಡ ಹೆಂಡತಿ ಸಾರೋಟಿನಲ್ಲಿ ಸುತ್ತಾಡಿದರು. ಯುದ್ಧ ಮುಗೀತು, ವಿಲಿ ಹೋದ ಮೇಲೆ ನಾವು ಬಹಳ ದುಃಖಪಟ್ಟಿದ್ದೀವಿ, ಇನ್ನು ಸ್ವಲ್ಪ ಸಂತೋಷವಾಗಿರೋಣ ಅಂದರಂತೆ. ರಾತ್ರಿ ಫೋರ್ಡ್ಸ್ ಥಿಯೇಟರ್‌ನಲ್ಲಿ ಗುಂಡು ಬಿತ್ತು. ಟ್ಯಾಡ್ ಆಗ ಇನ್ನೊಂದು ಥಿಯೇಟರ್‌ನಲ್ಲಿ ಅಲ್ಲಾದೀನನ ನಾಟಕ ನೋಡ್ತಿದ್ದ. ವೈಟ್ ಹೌಸ್‌ನ ಬಾಗಿಲು ಕಾಯುತ್ತಿದ್ದ ಪೆಂಡೆಲ್ ಅವತ್ತು ರಾತ್ರಿ ಹುಡುಗನ ಪಕ್ಕದಲ್ಲಿ ಮಲಗಿ ತಟ್ಟಿ ನಿದ್ದೆ ಮಾಡಿಸಿದ. 15ರ ಬೆಳಗ್ಗೆ 7.22ಕ್ಕೆ ಲಿಂಕನ್ ಪ್ರಾಣ ಹೋಯಿತು. ಸ್ಪ್ರಿಂಗ್‌ಫೀಲ್ಡ್‌ಗೆ ಹೋದ ರೈಲಿನಲ್ಲಿ ಎರಡು ಶವಪೆಟ್ಟಿಗೆ ಇದ್ದವು, ಅಪ್ಪನದ್ದು ಮತ್ತು ಸಮಾಧಿಯಿಂದ ತೆಗೆದ ವಿಲಿಯದ್ದು.

ಫಿಡೊ ಅದಾದ ಮೇಲೆ ಬಹಳ ದಿನ ಇರಲಿಲ್ಲ. ಬೀದಿ ಬದಿ ಕೂತಿದ್ದ ಒಬ್ಬ ಕುಡುಕನ ಮೈ ಮೇಲೆ ಅಭ್ಯಾಸದಂತೆ ಕೆಸರು ಕಾಲಿಟ್ಟಿತು. ಅವನು ಚಾಕುವಿನಿಂದ ಇರಿದುಬಿಟ್ಟ.

ಆ ಬೇಸಿಗೆ ಶಿಕಾಗೊದಲ್ಲಿ ಮೇರಿ ಮಗನಿಗೆ ಓದು ಕಲಿಸೋಕೆ ಕೂತರು. ಮೇರಿಗೆ ಬಟ್ಟೆ ಹೊಲಿಯುತ್ತಿದ್ದ, ಒಂದು ಕಾಲದಲ್ಲಿ ತಾನೇ ಗುಲಾಮಳಾಗಿದ್ದ ಎಲಿಜಬೆತ್ ಕೆಕ್ಲಿ ಇದನ್ನು ನೋಡಿದ್ದಾರೆ. ಪುಸ್ತಕದಲ್ಲಿ ವಾನರನ ಚಿತ್ರ, ಕೆಳಗೆ ಎ, ಪಿ, ಇ ಅಂತ ಮೂರೇ ಅಕ್ಷರ. ಅದು ಮಂಕಿ ಅಂತಲೇ ಟ್ಯಾಡ್ ವಾದ. ಎಷ್ಟು ಹೇಳಿದರೂ ಚಿತ್ರ ತೋರಿಸಿ ಮಂಕಿಯೇ ಅಂತ ಹಟ ಹಿಡಿದ. ಆದರೂ ಅಪ್ಪ ಹೇಳಿದ ಟೈಮು ಬಂತು. ಶಾಲೆಗೆ ಹೋದ, ಮಾತು ತಿದ್ದಿಕೊಂಡ, 1868ರಲ್ಲಿ ಅಮ್ಮನ ಜೊತೆ ಜರ್ಮನಿಗೆ ಹೋಗಿ ಫ್ರಾಂಕ್‌ಫರ್ಟ್‌ನಲ್ಲಿ ಓದಿದ, ಜರ್ಮನ್ ಕಲಿತ. ಒಳ್ಳೆ ಹುಡುಗನಾಗಿ ವಾಪಸ್ ಬಂದ. 1871ರ ಜುಲೈ 15ರಂದು ಎದೆಯ ಕಾಯಿಲೆಯಿಂದ ಶಿಕಾಗೊದಲ್ಲಿ ಸತ್ತ, 18 ವರ್ಷಕ್ಕೆ.

ನಾಲ್ವರಲ್ಲಿ ಉಳಿದವನು ರಾಬರ್ಟ್ ಒಬ್ಬನೇ. ಅಪ್ಪನ ಕಾಗದಪತ್ರಗಳನ್ನೆಲ್ಲ ಜೋಪಾನ ಮಾಡಿ ವಾಷಿಂಗ್ಟನ್‌ನ ಲೈಬ್ರರಿ ಆಫ್ ಕಾಂಗ್ರೆಸ್‌ಗೆ ಕೊಟ್ಟರು. ತಾವು ಸತ್ತು 21 ವರ್ಷ ಆಗೋವರೆಗೂ ತೆರೆಯಬಾರದು ಅಂತ ಷರತ್ತು. 1926ರಲ್ಲಿ ರಾಬರ್ಟ್ ತೀರಿಕೊಂಡರು, 1947ರ ಜುಲೈ 26ಕ್ಕೆ ಬೀಗ ತೆಗೆದರು. ಫಿಡೊ ಚೆನ್ನಾಗಿದೆ ಅಂತ ಫ್ಲೋರ್ವಿಲ್ ಬರೆದ ಕಾಗದ ಅದರಲ್ಲಿದೆ. ಮೇಷ್ಟ್ರಿಗೆ ಬರೆದದ್ದು ಇಲ್ಲ.